ಜಿಅರಾನಾದ ಬಯಲು: ಯುದ್ಧ ಮುಗಿದ ಮೇಲೆ ಮನುಷ್ಯರನ್ನು ಮರಳಿ ಸೇರಿಸಿಕೊಂಡ ಚರಿತ್ರೆ

ಯುದ್ಧಗಳ ಕುರಿತು ನಾವು ಓದುವ ಇತಿಹಾಸವು ಸಾಮಾನ್ಯವಾಗಿ ಗೆಲುವಿನ ದಿನಕ್ಕೆ ಮುಗಿದುಹೋಗುತ್ತದೆ. ಯಾರು ಗೆದ್ದರು, ಯಾರು ಸೋತರು, ಎಷ್ಟು ಮಂದಿ ಮಡಿದರು ಎಂಬಷ್ಟನ್ನು ತಿಳಿದುಕೊಂಡು ನಾವು ಪುಟ ತಿರುವಿಬಿಡುತ್ತೇವೆ. ಆದರೆ ಮರುದಿನದ ಪ್ರಶ್ನೆಗಳು ಅಲ್ಲಿಯೇ ಉಳಿಯುತ್ತವೆ. ಸೆರೆಯಾದ ತಾಯಂದಿರು ಮತ್ತು ಮಕ್ಕಳು ಎಲ್ಲಿಗೆ ಹೋದರು? ಸೋತ ಪಕ್ಷದ ಯೋಧನು ಯಾವ ಮುಖವಿಟ್ಟುಕೊಂಡು ಊರಿಗೆ ಮರಳಿದನು? ಅವನ ಕೈಯಿಂದ ಮಗನನ್ನೋ ಸಹೋದರನನ್ನೋ ಕಳೆದುಕೊಂಡವರು ಅವನನ್ನು ಸಂತೆಯಲ್ಲಿ, ಮಸೀದಿಯ ಸಾಲಿನಲ್ಲಿ ಎದುರುಗೊಂಡಾಗ ಏನು ಮಾಡಿದರು?

ಕ್ಷಮೆ ಎಂಬುದು ಒಂದೇ ಮಾತಿನಲ್ಲಿ ಘೋಷಿಸಬಹುದಾದ ಸಂಗತಿ. ಮರಳಿ ಸೇರಿಸಿಕೊಳ್ಳುವುದು ಹಾಗಲ್ಲ. ಅದಕ್ಕೆ ಸೊತ್ತು ಬೇಕು, ಸಮಯ ಬೇಕು, ಗೌರವ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಹಿಂತಿರುಗುವವನ ಅಗತ್ಯದ ಜೊತೆಗೆ ಅವನನ್ನು ಬರಮಾಡಿಕೊಳ್ಳುವವರ ನೋವನ್ನೂ ಕೇಳಿಸಿಕೊಳ್ಳುವ ಕಿವಿ ಬೇಕು. ಈ ಎರಡನ್ನೂ ಒಟ್ಟಿಗೆ ನಿಭಾಯಿಸಿದ ನಿದರ್ಶನವೊಂದು ಇಸ್ಲಾಮೀ ಚರಿತ್ರೆಯ ಆರಂಭದಲ್ಲಿಯೇ ಇದೆ. ಮಕ್ಕಾ ವಿಜಯದ ಪ್ರಖ್ಯಾತ ಕ್ಷಮಾದಾನವನ್ನು ನಾವೆಲ್ಲರೂ ಬಲ್ಲೆವು. ಅದಾದ ಕೆಲವೇ ವಾರಗಳ ಬಳಿಕ ಜಿಅರಾನಾ ಎಂಬ ಬಯಲಿನಲ್ಲಿ ನಡೆದುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಹುನೈನ್‌ನ ಮರುದಿನ

ಹಿಜರಿ 8ನೇ ವರ್ಷದ ರಮಝಾನ್ ತಿಂಗಳಲ್ಲಿ, ಅಂದರೆ ಕ್ರಿ.ಶ. 630ರ ಆರಂಭದಲ್ಲಿ, ಮಕ್ಕಾ ನಗರವು ಪ್ರವಾದಿ ಮುಹಮ್ಮದ್(ಸ)ರ ವಶವಾಯಿತು. ಮರುತಿಂಗಳು ಶವ್ವಾಲ್‌ನಲ್ಲಿ ಹವಾಝಿನ್ ಮತ್ತು ಸಕೀಫ್ ಬುಡಕಟ್ಟುಗಳು ಹುನೈನ್ ಕಣಿವೆಯಲ್ಲಿ ಮುಸ್ಲಿಮರನ್ನು ಎದುರಿಸಿದವು. ಹವಾಝಿನ್‌ನ ಯುವ ನಾಯಕ ಮಾಲಿಕ್ ಇಬ್ನ್ ಔಫ್ ತನ್ನ ಯೋಧರು ಬೆನ್ನು ತೋರಿಸಬಾರದೆಂದು ಅವರ ಮಡದಿ ಮಕ್ಕಳನ್ನೂ ಜಾನುವಾರುಗಳನ್ನೂ ರಣರಂಗಕ್ಕೆ ಕರೆತಂದಿದ್ದನು. ಬದುಕಿನುದ್ದಕ್ಕೂ ಯುದ್ಧ ಕಂಡಿದ್ದ ವೃದ್ಧ ದುರೈದ್ ಇಬ್ನ್ ಸಿಮ್ಮಾ ಇದನ್ನು ವಿರೋಧಿಸಿದ್ದನು. ಸೋತು ಓಡುವವನನ್ನು ಯಾವುದೂ ತಡೆದು ನಿಲ್ಲಿಸದು ಎಂಬುದು ಅವನ ಅನುಭವವಾಗಿತ್ತು. ಅವನು ಅಂಜಿದಂತೆಯೇ ಆಯಿತು. ಗಂಡಸರು ಚದುರಿದರು, ಹೆಂಗಸರೂ ಮಕ್ಕಳೂ ಸೆರೆಯಾದರು.

ಚರಿತ್ರೆಕಾರರು ನೀಡುವ ಲೆಕ್ಕದಂತೆ ಸೆರೆಯಾದವರು ಸುಮಾರು 6,000 ಮಂದಿ. ಅವರೊಂದಿಗೆ 24,000 ಒಂಟೆಗಳು, 40,000ಕ್ಕೂ ಹೆಚ್ಚು ಆಡು ಕುರಿಗಳು, 4,000 ಊಕಿಯಾ ಬೆಳ್ಳಿ ದೊರೆತವು. ಇವೆಲ್ಲವನ್ನೂ ಮಕ್ಕಾದ ಸಮೀಪದ ಜಿಅರಾನಾದಲ್ಲಿ ಇರಿಸಿ ಪ್ರವಾದಿ(ಸ)ರು ತಾಯಿಫ್‌ನತ್ತ ನಡೆದರು. ಅಲ್ಲಿಂದ ಮರಳಿದ ಮೇಲೆ ಹತ್ತಕ್ಕೂ ಹೆಚ್ಚು ರಾತ್ರಿಗಳ ಕಾಲ ಅವರು ಹವಾಝಿನ್‌ನವರ ಬರವಿಗಾಗಿ ಕಾದರೆಂದು ಬುಖಾರಿಯ ವರದಿಯಲ್ಲಿದೆ. ಸೋತವರು ಬಂದು ತಮ್ಮವರನ್ನು ಕೇಳಿಕೊಳ್ಳಲಿ ಎಂದು ಗೆದ್ದವರು ಕಾದರು! ಈ ಕಾಯುವಿಕೆಯೇ ಜಿಅರಾನಾದ ಮೊದಲ ಪಾಠವಾಗಿದೆ.

ಕೊನೆಗೆ ಹವಾಝಿನ್‌ನ ನಿಯೋಗವು ಇಸ್ಲಾಮ್ ಸ್ವೀಕರಿಸಿ ಬಂದಿತು. ಪ್ರವಾದಿ(ಸ)ರು ಶೈಶವದಲ್ಲಿ ಹಝ್ರತ್ ಹಲೀಮಾರ ಹಾಲುಂಡು ಬೆಳೆದ ಬನೂ ಸಅದ್ ಕುಲವು ಹವಾಝಿನ್‌ನದೇ ಒಂದು ಶಾಖೆ. ನಿಯೋಗದ ಝುಹೈರ್ ಇಬ್ನ್ ಸುರದ್ ಆ ಹಾಲಿನ ಋಣವನ್ನು ನೆನಪಿಸಿದರು. ಸೆರೆಯಾಳುಗಳ ಆವರಣಗಳಲ್ಲಿ ಪ್ರವಾದಿಯವರನ್ನು ಎತ್ತಿ ಆಡಿಸಿದ ಸಾಕುತಾಯಿಯ ಬಂಧುಗಳೇ ಇರುವರೆಂದು ಹೇಳಿದರು. ಕುಟುಂಬ ಮತ್ತು ಸೊತ್ತು ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಪ್ರವಾದಿ(ಸ)ರು ತಿಳಿಸಿದಾಗ ಅವರು ಕುಟುಂಬವನ್ನೇ ಆರಿಸಿಕೊಂಡರು.

ಕೂಗಿನಿಂದಲ್ಲ, ಒಪ್ಪಿಗೆಯಿಂದ

ಇಲ್ಲಿ ಒಂದು ತೊಡಕಿತ್ತು. ಆ ಕಾಲದ ಯುದ್ಧಪದ್ಧತಿಯಂತೆ ಸೆರೆಯಾಳುಗಳು ಅದಾಗಲೇ ಸೈನಿಕರಿಗೆ ಹಂಚಿಕೆಯಾಗಿದ್ದರು. ಆಜ್ಞೆಯೊಂದನ್ನು ಹೊರಡಿಸಿ ಅವರನ್ನು ಕಿತ್ತುಕೊಳ್ಳುವ ಅಧಿಕಾರವು ಪ್ರವಾದಿ(ಸ)ರಿಗೆ ಇರಲಿಲ್ಲವೆಂದು ಯಾರೂ ಹೇಳಲಾರರು. ಆದರೆ ಅವರು ಹಾಗೆ ಮಾಡಲಿಲ್ಲ. ಮೊದಲು ತಮ್ಮ ಮತ್ತು ಅಬ್ದುಲ್ ಮುತ್ತಲಿಬರ ಸಂತತಿಯ ಪಾಲನ್ನು ಬಿಟ್ಟುಕೊಟ್ಟರು. ಅದನ್ನು ಕಂಡು ಮುಹಾಜಿರ್‌ಗಳೂ ಅನ್ಸಾರ್‌ಗಳೂ ತಮ್ಮ ಪಾಲನ್ನು ಬಿಟ್ಟರು. ತಮೀಮ್ ಕುಲದ ಅಕ್ರಅ್ ಇಬ್ನ್ ಹಾಬಿಸ್ ಮತ್ತು ಫಝಾರಾದ ಉಯೈನಾ ಇಬ್ನ್ ಹಿಸ್ನ್ ಒಪ್ಪಲಿಲ್ಲ. ಸುಲೈಮ್ ಕುಲದ ಅಬ್ಬಾಸ್ ಇಬ್ನ್ ಮಿರ್ದಾಸ್ ಕೂಡ ನಿರಾಕರಿಸಿದರು. ಆದರೆ ಅವರ ಕುಲದವರೇ ಎದ್ದುನಿಂತು ತಮ್ಮ ಪಾಲು ಪ್ರವಾದಿಯವರಿಗೆ ಸೇರಿದ್ದೆಂದು ಸಾರಿದರು. ಉಚಿತವಾಗಿ ಬಿಡಲು ಮನಸ್ಸಿಲ್ಲದವರಿಗೆ, ಮುಂದೆ ದೊರೆಯುವ ಯುದ್ಧಾರ್ಜಿತ ಸೊತ್ತಿನಿಂದ ಒಬ್ಬ ಸೆರೆಯಾಳಿಗೆ 6 ಒಂಟೆಗಳಂತೆ ಪರಿಹಾರ ಕೊಡುವ ವಾಗ್ದಾನವಾಯಿತು.

ಜನರು ಒಕ್ಕೊರಲಿನಿಂದ ಸಮ್ಮತಿಸಿದರು. ಆದರೆ ಪ್ರವಾದಿ(ಸ)ರು ಅಷ್ಟಕ್ಕೇ ತೃಪ್ತರಾಗಲಿಲ್ಲ. ಗುಂಪಿನ ಕೂಗಿನಲ್ಲಿ ಯಾರು ಮನಃಪೂರ್ವಕವಾಗಿ ಒಪ್ಪಿದರು, ಯಾರು ಒಪ್ಪಲಿಲ್ಲ ಎಂಬುದು ತಿಳಿಯದೆಂದು ಹೇಳಿ, ಎಲ್ಲರೂ ಮರಳಿ ಹೋಗಬೇಕೆಂದೂ ಆಯಾ ಗುಂಪಿನ ಪ್ರತಿನಿಧಿಗಳು ಪ್ರತಿಯೊಬ್ಬರ ಅಭಿಪ್ರಾಯ ಕೇಳಿ ಬಂದು ತಿಳಿಸಬೇಕೆಂದೂ ಸೂಚಿಸಿದರು. ಪ್ರತಿನಿಧಿಗಳು ವಿಚಾರಿಸಿ ಬಂದು ಎಲ್ಲರೂ ಸಂತೋಷದಿಂದಲೇ ಒಪ್ಪಿದ್ದಾರೆಂದು ತಿಳಿಸಿದ ಮೇಲೆಯೇ ಬಿಡುಗಡೆ ನಡೆಯಿತು. 6,000 ಜನರನ್ನು ಬಿಡುಗಡೆ ಮಾಡುವ ಮಹತ್ಕಾರ್ಯದಲ್ಲೂ ಒಬ್ಬ ಸಾಮಾನ್ಯ ಸೈನಿಕನ ಮನಸ್ಸಿನ ಮೇಲೆ ಬಲವಂತ ಆಗಬಾರದೆಂಬ ಎಚ್ಚರ ಅಲ್ಲಿತ್ತು. ಬಲವಂತದ ಔದಾರ್ಯವು ನಾಳೆ ದ್ವೇಷವಾಗಿ ಮೊಳೆಯುತ್ತದೆ ಎಂಬುದನ್ನು ಬಲ್ಲವರು ಮಾತ್ರ ಹೀಗೆ ನಡೆದುಕೊಳ್ಳುತ್ತಾರೆ.

ಬಿಡುಗಡೆಯಾದವರು ಬರಿಗೈಯಲ್ಲಿ ಹೋಗಲಿಲ್ಲ. ಅವರಿಗೆ ಹೊಸ ಬಟ್ಟೆ ತೊಡಿಸಿ ಕಳುಹಿಸಲಾಯಿತೆಂದು ಸೀರಾ ಗ್ರಂಥಗಳು ಹೇಳುತ್ತವೆ. ಸೆರೆಯಾದವರಲ್ಲಿ ಹಲೀಮಾರ ಮಗಳು ಶೈಮಾ ಕೂಡ ಇದ್ದರು. ಪ್ರವಾದಿ(ಸ)ರು ತಮ್ಮ ಮೇಲುಹೊದಿಕೆಯನ್ನು ಹಾಸಿ ಅದರ ಮೇಲೆ ಆ ಹಾಲುಸೋದರಿಯನ್ನು ಕುಳ್ಳಿರಿಸಿದರು. ತಮ್ಮಲ್ಲಿ ಗೌರವದಿಂದ ಉಳಿಯುವುದಾದರೂ ಸರಿ, ತವರಿಗೆ ಮರಳುವುದಾದರೂ ಸರಿ ಎಂದು ಆಯ್ಕೆಯನ್ನು ಅವರಿಗೇ ಬಿಟ್ಟರು. ಅವರು ತಮ್ಮವರ ಬಳಿಗೆ ಮರಳಲು ಬಯಸಿದರು, ಉಡುಗೊರೆಗಳೊಂದಿಗೆ ಮರಳಿದರು. ಇನ್ನು ಯುದ್ಧಕ್ಕೆ ಮೂಲನಾದ ಮಾಲಿಕ್ ಇಬ್ನ್ ಔಫ್ ತಾಯಿಫ್‌ನ ಕೋಟೆಯಲ್ಲಿ ಅಡಗಿದ್ದನು. ಅವನು ಬಂದರೆ ಅವನ ಕುಟುಂಬವನ್ನೂ ಸೊತ್ತನ್ನೂ ಮರಳಿಸಿ, ಮೇಲಾಗಿ 100 ಒಂಟೆಗಳನ್ನು ಕೊಡುವುದಾಗಿ ಸಂದೇಶ ಹೋಯಿತು. ಅವನು ರಾತ್ರೋರಾತ್ರಿ ಕೋಟೆಯಿಂದ ಹೊರಟು ಬಂದು ಇಸ್ಲಾಮ್ ಸ್ವೀಕರಿಸಿದನು. ತನ್ನ ಜನರಲ್ಲಿ ಮುಸ್ಲಿಮರಾದವರಿಗೆ ಅವನೇ ನಾಯಕನಾಗಿ ನೇಮಕಗೊಂಡನು.

ಮಕ್ಕಾದ ನಾಯಕರೊಂದಿಗೂ ಇದೇ ನಡೆ ಇತ್ತು. ಸಫ್ವಾನ್ ಇಬ್ನ್ ಉಮಯ್ಯಾ ಯೋಚಿಸಲು 2 ತಿಂಗಳು ಕೇಳಿದಾಗ 4 ತಿಂಗಳು ನೀಡಲಾಯಿತು. ಅವನು ಇನ್ನೂ ಮುಸ್ಲಿಮನಾಗಿರದಿದ್ದಾಗಲೇ ಹುನೈನ್‌ಗಾಗಿ ಅವನ ಯುದ್ಧಕವಚಗಳನ್ನು, ಹಿಂತಿರುಗಿಸುವ ಹೊಣೆ ಹೊತ್ತು, ಎರವಲು ಪಡೆಯಲಾಯಿತು. ನಿನ್ನೆಯ ಶತ್ರುವಿನಿಂದ ಸಾಲ ಕೇಳುವುದೆಂದರೆ ಅವನನ್ನು ನಂಬಿಕೆಗೆ ಅರ್ಹನೆಂದು ಒಪ್ಪಿದಂತೆ. ಅಬೂ ಜಹಲ್‌ನ ಮಗ ಇಕ್ರಿಮಾ ಯಮನ್‌ನತ್ತ ಓಡಿಹೋಗಿದ್ದನು. ಪತ್ನಿ ಉಮ್ಮು ಹಕೀಮ್ ಅಭಯ ಪಡೆದು ಹೋಗಿ ಅವನನ್ನು ಕರೆತಂದರು. ಇಕ್ರಿಮಾರ ಎದುರಿನಲ್ಲಿ ಅವರ ತಂದೆಯನ್ನು ಹಳಿಯಬಾರದೆಂದು ಪ್ರವಾದಿ(ಸ)ರು ಸಹಾಬಿಗಳಿಗೆ ತಿಳಿಸಿದರೆಂಬ ವರದಿಯಿದೆ. ಸತ್ತವನಿಗೆ ಆ ಮಾತು ತಲುಪದು, ಬದುಕಿರುವವನಿಗೆ ಮಾತ್ರ ಚುಚ್ಚುತ್ತದೆ. ತಂದೆಯ ಹೆಸರಿನ ಭಾರವನ್ನು ಮಗನ ತಲೆಯಿಂದ ಇಳಿಸಿದ ಈ ಸೂಚನೆಯನ್ನು ನಾವು ಮತ್ತೆ ಮತ್ತೆ ಓದಿಕೊಳ್ಳಬೇಕು.

ಅನ್ಸಾರ್‌ಗಳ ಅಳಲು

ಇದೇ ಜಿಅರಾನಾದಲ್ಲಿ ಇನ್ನೊಂದು ಘಟನೆ ನಡೆಯಿತು. ಅಬೂ ಸುಫ್ಯಾನ್, ಹಕೀಮ್ ಇಬ್ನ್ ಹಿಝಾಮ್ ಮೊದಲಾದ ಕುರೈಶ್ ನಾಯಕರಿಗೆ ನೂರು ನೂರು ಒಂಟೆಗಳು ಸಂದವು. ವರ್ಷಗಳ ಕಾಲ ಮದೀನಾದ ಮೇಲೆ ಯುದ್ಧ ಹೂಡಿದ್ದವರೇ ಇವರು. ಆ ಯುದ್ಧಗಳಲ್ಲಿ ತಮ್ಮವರನ್ನು ಕಳೆದುಕೊಂಡ, ಮುಹಾಜಿರ್‌ಗಳಿಗೆ ಮನೆಯನ್ನೂ ತೋಟವನ್ನೂ ಹಂಚಿಕೊಟ್ಟ ಅನ್ಸಾರ್‌ಗಳಿಗೆ ಆ ಕೊಡುಗೆಯಲ್ಲಿ ಪಾಲು ಸಿಗಲಿಲ್ಲ. ನಮ್ಮ ಖಡ್ಗಗಳಿಂದ ಇನ್ನೂ ಅವರ ರಕ್ತ ತೊಟ್ಟಿಕ್ಕುತ್ತಿರುವಾಗ ಸೊತ್ತು ಅವರಿಗೆ ಹೋಗುತ್ತಿದೆಯಲ್ಲಾ ಎಂಬ ಮಾತು ಯುವಕರ ನಡುವೆ ಹರಡಿತು.

ಹಝ್ರತ್ ಸಅದ್ ಇಬ್ನ್ ಉಬಾದಾ(ರ) ಈ ಅಸಮಾಧಾನವನ್ನು ಮುಚ್ಚಿಡದೆ ಪ್ರವಾದಿ(ಸ)ರಿಗೆ ತಿಳಿಸಿದರು. ನೀವು ಯಾವ ಕಡೆಗಿದ್ದೀರಿ ಎಂದು ಕೇಳಿದಾಗ ತಾನೂ ತನ್ನ ಜನರಲ್ಲೊಬ್ಬನೆಂದು ನೇರವಾಗಿಯೇ ಹೇಳಿದರು. ಪ್ರವಾದಿ(ಸ)ರು ಸಿಟ್ಟಾಗಲಿಲ್ಲ, ಅವರನ್ನು ಕೃತಘ್ನರೆನ್ನಲಿಲ್ಲ. ಅನ್ಸಾರ್‌ಗಳನ್ನು ಮಾತ್ರ ಒಂದೆಡೆ ಸೇರಿಸಿದರು. ಇಸ್ಲಾಮಿನಿಂದ ಅವರಿಗಾದ ಅನುಗ್ರಹವನ್ನು ನೆನಪಿಸಿದ ಬಳಿಕ, ಅವರು ಮರುನುಡಿಯಲು ಹಕ್ಕುಳ್ಳ ಮಾತನ್ನು ತಾವೇ ಅವರ ಪರವಾಗಿ ಆಡಿದರು: ಜನರೆಲ್ಲ ಸುಳ್ಳೆಂದಾಗ ಅವರು ನಂಬಿದ್ದು, ನೆರವಿಲ್ಲದಾಗ ನೆರವಾದದ್ದು, ಹೊರಹಾಕಲ್ಪಟ್ಟಾಗ ಆಶ್ರಯವಿತ್ತದ್ದು, ಇವೆಲ್ಲವೂ ಸತ್ಯವೆಂದು ಒಪ್ಪಿಕೊಂಡರು. ಇತರರು ಆಡು ಒಂಟೆಗಳೊಂದಿಗೆ ಮನೆಗೆ ಮರಳುವಾಗ ಅನ್ಸಾರ್‌ಗಳು ಅಲ್ಲಾಹನ ಸಂದೇಶವಾಹಕರೊಂದಿಗೆ ಮರಳುವುದು ಸಾಲದೇ ಎಂದು ಕೇಳಿದರು. ಅಲ್ಲಿದ್ದವರು ಗಡ್ಡ ತೋಯುವಷ್ಟು ಅತ್ತರು.

ಈ ಪ್ರಸಂಗವನ್ನು ಅನ್ಸಾರ್‌ಗಳ ತ್ಯಾಗದ ಕಥೆಯಾಗಿ ಮಾತ್ರ ಓದಿದರೆ ಅರ್ಧ ಪಾಠ ತಪ್ಪಿಹೋಗುತ್ತದೆ. ಹೋರಾಡಿದವನನ್ನು ಸಮಾಜಕ್ಕೆ ಮರಳಿಸಲು ಅವನಿಗೆ ಏನನ್ನಾದರೂ ಕೊಡಲೇಬೇಕಾಗುತ್ತದೆ; ಆಗ ನೋವುಂಡು ಸುಮ್ಮನಿದ್ದವನಿಗೆ ತಾನು ಮರೆತುಹೋದೆನೆಂಬ ಭಾವನೆ ಮೂಡುತ್ತದೆ. ಈ ಭಾವನೆಯನ್ನು ಗದರಿಸಿ ಅಡಗಿಸಲಾಗದು. ನಿಮ್ಮ ತ್ಯಾಗ ನಮಗೆ ಗೊತ್ತು ಎಂದು ಬಾಯಿಬಿಟ್ಟು ಹೇಳುವವರು ಬೇಕು.

ಪ್ರೀತಿ ಬೇರೆ, ಹಕ್ಕು ಬೇರೆ

ಹಾಗಾದರೆ ಹಿಂತಿರುಗಿದವನನ್ನು ಎಲ್ಲರೂ ಪ್ರೀತಿಸಲೇಬೇಕೇ? ಉಹುದ್‌ನಲ್ಲಿ ಹಝ್ರತ್ ಹಂಝಾ(ರ)ರನ್ನು ಕೊಂದ ವಹ್‌ಶಿ ಮುಸ್ಲಿಮನಾಗಿ ಬಂದಾಗ ಪ್ರವಾದಿ(ಸ)ರು ಅವನ ಇಸ್ಲಾಮನ್ನು ಸ್ವೀಕರಿಸಿದರು, ಅವನ ಪ್ರಾಣಕ್ಕೆ ಅಭಯವಿತ್ತರು. ಆದರೆ ಸಾಧ್ಯವಾದರೆ ತಮ್ಮ ಕಣ್ಣೆದುರು ಬಾರದಿರಬೇಕೆಂದೂ ಕೇಳಿಕೊಂಡರು. ಚಿಕ್ಕಪ್ಪನನ್ನು ಕಳೆದುಕೊಂಡ ನೋವು ಆರಿರಲಿಲ್ಲ, ಅದನ್ನು ಅವರು ಮರೆಮಾಚಲಿಲ್ಲ. ಆ ನೋವಿನಿಂದ ವಹ್‌ಶಿಯ ಒಂದು ಹಕ್ಕಿಗೂ ಚ್ಯುತಿ ಬರಲಿಲ್ಲ.

ಖಲೀಫಾ ಹಝ್ರತ್ ಉಮರ್(ರ)ರ ಕುರಿತು ಹೇಳುವ ಪ್ರಸಂಗವೂ ಇಂತಹುದೇ. ಅವರ ಸಹೋದರ ಝೈದ್ ಇಬ್ನ್ ಖತ್ತಾಬ್(ರ) ಯಮಾಮಾ ಯುದ್ಧದಲ್ಲಿ ಹುತಾತ್ಮರಾಗಿದ್ದರು. ಅವರನ್ನು ಕೊಂದವನೆನ್ನಲಾದ ಅಬೂ ಮರ್ಯಮ್ ಎಂಬಾತನು ಮುಂದೆ ಎದುರಾದಾಗ, ನಿನ್ನನ್ನು ಪ್ರೀತಿಸಲು ನನ್ನಿಂದಾಗದು ಎಂದು ಉಮರ್(ರ) ಹೇಳಿದರಂತೆ. ಆ ಕಾರಣಕ್ಕೆ ತನ್ನ ಹಕ್ಕುಗಳಲ್ಲಿ ಏನಾದರೂ ಕಡಿತವಾಗುವುದೇ ಎಂದು ಅವನು ಕೇಳಿದನು. ಇಲ್ಲವೆಂಬ ಉತ್ತರ ಬಂದಾಗ ಹಾಗಾದರೆ ತನಗೆ ಚಿಂತೆಯಿಲ್ಲವೆಂದನು. ಹೃದಯದ ಮೇಲೆ ಕಾನೂನು ನಡೆಯದು. ನ್ಯಾಯದ ಮೇಲೆ ನಡೆಯುತ್ತದೆ.

ಪ್ರವಾದಿಯವರ ನಿಧನದ ಬಳಿಕ ನಡೆದ ರಿದ್ದಾ ಯುದ್ಧಗಳ ಗಾಯವನ್ನು ವಾಸಿ ಮಾಡುವುದಕ್ಕೂ ಕಾಲ ಹಿಡಿಯಿತು. ಹಝ್ರತ್ ಅಬೂಬಕ್ಕರ್(ರ) ಬಂಡೆದ್ದು ಮರಳಿದವರನ್ನು ಸೈನ್ಯಕ್ಕೆ ಸೇರಿಸಿಕೊಳ್ಳಲಿಲ್ಲ. ಆಗಿನ ಗಾಯ ಅಷ್ಟು ಹಸಿಯಾಗಿತ್ತು. ಉಮರ್(ರ) ಅಧಿಕಾರಕ್ಕೆ ಬಂದ ಆರಂಭದಲ್ಲಿಯೇ ಆ ಯುದ್ಧಗಳಲ್ಲಿ ಸೆರೆಯಾದ ಅರಬರನ್ನು ಅವರವರ ಕುಟುಂಬಗಳಿಗೆ ಮರಳಿಸುವ ಏರ್ಪಾಡು ಮಾಡಿದರು, ಸೈನ್ಯದ ಬಾಗಿಲನ್ನೂ ತೆರೆದರು. ತಾನೇ ಪ್ರವಾದಿಯೆಂದು ಹೇಳಿಕೊಂಡು ಬುಝಾಖಾದಲ್ಲಿ ಸೋತು ಓಡಿದ್ದ ತುಲೈಹಾ, ಪಶ್ಚಾತ್ತಾಪಪಟ್ಟು ಮರಳಿ ಕಾದಿಸಿಯ್ಯಾದಲ್ಲಿ ಶೌರ್ಯದಿಂದ ಹೋರಾಡಿದರು. ಯುದ್ಧದ ವಿಷಯದಲ್ಲಿ ಅವರ ಸಲಹೆ ಪಡೆಯಿರಿ, ಆದರೆ ಸೇನಾಧಿಪತ್ಯ ಕೊಡಬೇಡಿ ಎಂಬುದು ಉಮರ್(ರ)ರ ಸೂಚನೆಯಾಗಿತ್ತು. ಬಾಗಿಲು ತೆರೆದಿತ್ತು, ವಿಶ್ವಾಸವು ಮೆಟ್ಟಿಲು ಮೆಟ್ಟಿಲಾಗಿ ಬೆಳೆಯಬೇಕಿತ್ತು. ತುಲೈಹಾ ನಹಾವಂದ್ ಯುದ್ಧದಲ್ಲಿ ಮಡಿದರೆಂದು ಇತಿಹಾಸಕಾರರು ಬರೆದಿದ್ದಾರೆ.

ಝಕಾತ್‌ನ 8 ಹಕ್ಕುದಾರರನ್ನು ತಿಳಿಸುವ ಸೂರಃ ಅತ್ತೌಬಾದ 60ನೇ ಸೂಕ್ತದಲ್ಲಿ ಬಡವರ ಜೊತೆಗೆ ಮನವೊಲಿಸಬೇಕಾದವರು, ಬಂಧನದಲ್ಲಿರುವವರು, ಸಾಲಗಾರರು ಮತ್ತು ಪ್ರಯಾಣಿಕರು ಸೇರಿರುವುದನ್ನು ಇಲ್ಲಿ ನೆನೆಯಬೇಕು. ಯುದ್ಧವು ಮನುಷ್ಯನನ್ನು ಯಾವ ಯಾವ ಸ್ಥಿತಿಗೆ ತಳ್ಳುತ್ತದೋ ಅವುಗಳಲ್ಲಿ ಹಲವು ಆ ಪಟ್ಟಿಯಲ್ಲಿವೆ.

ನಮ್ಮ ಕಾಲದ ಒಂದು ಪರೀಕ್ಷೆ: ಅಚೇ

ಇವೆಲ್ಲ ಪ್ರವಾದಿಯವರ ಮತ್ತು ಸಹಾಬಿಗಳ ಕಾಲದ ಮಾತಾಯಿತು, ಬಂದೂಕಿನ ಕಾಲದಲ್ಲಿ ಇದು ನಡೆಯುವುದೇ ಎಂದು ಕೇಳುವವರಿದ್ದಾರೆ. ಅವರಿಗಾಗಿ ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಉತ್ತರ ತುದಿಯಲ್ಲಿರುವ ಅಚೇ ಪ್ರಾಂತವನ್ನು ನೋಡೋಣ. ಮಕ್ಕಾದ ವರಾಂಡವೆಂದು ಹೆಸರಾದ ಈ ಮುಸ್ಲಿಮ್ ನಾಡಿನಲ್ಲಿ 1976ರಿಂದ ಸುಮಾರು 30 ವರ್ಷಗಳ ಕಾಲ ಸ್ವಾತಂತ್ರ್ಯ ಬಯಸಿದ ಗಾಮ್ ಸಂಘಟನೆಗೂ ಸರಕಾರಿ ಸೇನೆಗೂ ಸಂಘರ್ಷ ನಡೆಯಿತು. ಎರಡೂ ಕಡೆ ಇದ್ದವರು ಮುಸ್ಲಿಮರೇ. ಸಾವಿರಾರು ಜನ ಸತ್ತರು, ಊರುಗಳು ಬರಿದಾದವು. 2004ರ ಡಿಸೆಂಬರ್ 26ರ ಸುನಾಮಿ ಆ ಪ್ರಾಂತದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜೀವಗಳನ್ನು ಬಲಿ ಪಡೆದ ಬಳಿಕ, 2005ರ ಆಗಸ್ಟ್ 15ರಂದು ಫಿನ್ಲೆಂಡಿನ ಮಾಜಿ ಅಧ್ಯಕ್ಷ ಮಾರ್ಟಿ ಅಹ್ತಿಸಾರಿಯವರ ಮಧ್ಯಸ್ಥಿಕೆಯಲ್ಲಿ ಹೆಲ್ಸಿಂಕಿಯಲ್ಲಿ ಶಾಂತಿ ಒಪ್ಪಂದವಾಯಿತು. ಗಾಮ್‌ನ 3,000 ಯೋಧರು ಸೇನಾಜೀವನ ತೊರೆಯಬೇಕು, 840 ಆಯುಧಗಳನ್ನು ಒಪ್ಪಿಸಬೇಕು, ರಾಜಕೀಯ ಕೈದಿಗಳಿಗೆ ಕ್ಷಮಾದಾನ ದೊರೆಯಬೇಕು. ಮಾಜಿ ಯೋಧರಿಗೆ, ಕೈದಿಗಳಿಗೆ ಮತ್ತು ನಷ್ಟಕ್ಕೊಳಗಾದ ನಾಗರಿಕರಿಗೆ ಭೂಮಿ, ಉದ್ಯೋಗ ಅಥವಾ ನೆರವು ಸಿಗಬೇಕು ಎಂಬುದು ಅದರ ನಿಬಂಧನೆಯಾಗಿತ್ತು. ಆ ವರ್ಷ ಮುಗಿಯುವ ಮೊದಲೇ ಆಯುಧಗಳು ಒಪ್ಪಿಸಲ್ಪಟ್ಟವು.

ಊರಿನ ಜನರು ಮರಳಿದವರನ್ನು ಸ್ವಾಗತಿಸಿದ ಬಗೆ ಮನಮುಟ್ಟುವಂತಹುದು. ಅಚೇಯಲ್ಲಿ ಪೆಸಿಜುಕ್ ಎಂಬ ಸಂಪ್ರದಾಯವಿದೆ, ತಂಪುಗೊಳಿಸುವುದು ಎಂದು ಅದರರ್ಥ. ಮದುವೆ, ಹಜ್ಜ್ ಯಾತ್ರೆ, ಜಗಳದ ರಾಜಿ ಮೊದಲಾದ ಸಂದರ್ಭಗಳಲ್ಲಿ ಎಲೆಗಳ ಕಟ್ಟಿನಿಂದ ನೀರು ಚಿಮುಕಿಸಿ, ಅಕ್ಕಿ ಎರಚಿ, ಅಂಟಕ್ಕಿಯ ಅನ್ನ ತಿನ್ನಿಸಿ ದುಆ ಮಾಡುತ್ತಾರೆ. ಮನೆಗೆ ಮರಳಿದ ಯೋಧರಿಗೂ ಕೈದಿಗಳಿಗೂ ಅನೇಕ ಹಳ್ಳಿಗಳು ಇದನ್ನೇ ನೆರವೇರಿಸಿದವು. ಇನ್ನು ನೀನು ನಮ್ಮವನು ಎಂದು ಊರಿಗೆ ಊರೇ ಸೇರಿ ಹೇಳಿದಂತಾಯಿತು. 2006ರ ಡಿಸೆಂಬರಿನ ಚುನಾವಣೆಯಲ್ಲಿ ಗಾಮ್‌ನ ಮಾಜಿ ಹೋರಾಟಗಾರ, ಸುನಾಮಿಯ ದಿನ ಸೆರೆಮನೆಯಿಂದ ಪಾರಾಗಿದ್ದ ಇರ್ವಂದಿ ಯೂಸುಫ್ ಗವರ್ನರ್ ಆಗಿ ಆಯ್ಕೆಯಾದರು.

ಆದರೆ ತೊಡಕುಗಳು ಜಿಅರಾನಾದಲ್ಲಿ ಕಂಡವುಗಳೇ ಆಗಿದ್ದವು. ಹೋರಾಡಿದವರು 3,000ಕ್ಕಿಂತ ಬಹಳ ಹೆಚ್ಚಿದ್ದರು. ಅಷ್ಟೇ ಮಂದಿಗೆಂದು ಬಂದ ಹಣವು ಹಲವರಲ್ಲಿ ಹಂಚಿಹೋಗಿ ಒಬ್ಬೊಬ್ಬರಿಗೆ ಅಲ್ಪವಾಯಿತು. ಇನಾಂಗ್ ಬಲೀ ಎಂಬ ಮಹಿಳಾ ದಳದವರಿಗೆ ಆ ಪಟ್ಟಿಯಲ್ಲಿ ಸ್ಥಾನವೇ ಇರಲಿಲ್ಲ. ಪುನರ್ವಸತಿಗೆಂದು 2006ರಲ್ಲಿ ರಚನೆಯಾದ ಮಂಡಳಿಯು ನಾಗರಿಕರಿಂದ ಅರ್ಜಿ ಕರೆದಾಗ ಹತ್ತಾರು ಸಾವಿರ ಅರ್ಜಿಗಳು ಬಂದು ಬಿದ್ದವು, ಅವುಗಳನ್ನು ವಿಲೇವಾರಿ ಮಾಡಲು ಅದರಿಂದಾಗಲಿಲ್ಲ. ಕೊನೆಗೆ ಹಣವನ್ನು ಹಳ್ಳಿಗಳಿಗೇ ಕೊಟ್ಟು, ಯಾರಿಗೆ ಎಷ್ಟು ನಷ್ಟವಾಗಿದೆ, ನೆರವು ಯಾರಿಗೆ ಮೊದಲು ಸಿಗಬೇಕು ಎಂಬುದನ್ನು ಊರಿನ ಸಭೆಯೇ ತೀರ್ಮಾನಿಸುವ ಕ್ರಮ ಜಾರಿಗೆ ಬಂದಿತು. ನೆರೆಹೊರೆಯವರಿಗೆ ತಿಳಿದಿರುವ ಸತ್ಯ ಕಡತಗಳಿಗೆ ತಿಳಿದಿರುವುದಿಲ್ಲ. ಜಿಅರಾನಾದಲ್ಲಿ ಪ್ರತಿನಿಧಿಗಳನ್ನು ಡೇರೆ ಡೇರೆಗೆ ಕಳುಹಿಸಿದ್ದರ ಮರ್ಮವೂ ಇದೇ.

ಮಡಿದವರ ಕುಟುಂಬಗಳಿಗೆ ಸರಕಾರವು ದಿಯತ್ ಎಂಬ ಹೆಸರಿನಲ್ಲಿ ಹಣ ನೀಡಿತು. ಬಡ ವಿಧವೆಯರಿಗೆ ಅದು ಆಸರೆಯಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಶರೀಅತ್‌ನ ದಿಯತ್‌ನಲ್ಲಿ ಕೊಂದವನ ಕಡೆಯವರು ತಪ್ಪನ್ನು ಒಪ್ಪಿ ಪರಿಹಾರ ಕೊಡುತ್ತಾರೆ, ಸತ್ತವನ ಕಡೆಯವರು ಒಪ್ಪಿ ಸ್ವೀಕರಿಸುತ್ತಾರೆ. ಇಲ್ಲಿ ಹಣವಿತ್ತು, ಕೊಂದವರಾರೆಂಬ ಮಾತಿರಲಿಲ್ಲ. ಒಪ್ಪಂದದಲ್ಲಿಯೇ ಭರವಸೆ ಕೊಟ್ಟಿದ್ದ ಸತ್ಯ ಮತ್ತು ಸಂಧಾನ ಆಯೋಗದ ಸದಸ್ಯರು ಅಧಿಕಾರ ವಹಿಸಿಕೊಂಡದ್ದು 2016ರಲ್ಲಿ, ಅಂದರೆ 11 ವರ್ಷಗಳ ಬಳಿಕ. ಯೋಧರ ಆಯುಧಗಳಿಗೆ ಕೆಲವು ತಿಂಗಳು ಸಾಕಾದವು. ತಾಯಂದಿರ ಮಾತು ಕೇಳಿಸಿಕೊಳ್ಳಲು ಒಂದು ದಶಕ ಬೇಕಾಯಿತು. ಅಚೇಯಲ್ಲಿ ಬಂದೂಕುಗಳು ಮತ್ತೆ ಮಾತನಾಡದಿರುವುದು ಅಲ್ಲಾಹನ ಅನುಗ್ರಹ. ಆದರೆ ಅಲ್ಲಿನ ಅನ್ಸಾರ್‌ಗಳನ್ನು, ಅಂದರೆ ಯಾರ ಮೇಲೂ ಆಯುಧವೆತ್ತದೆ ಎಲ್ಲವನ್ನೂ ಸಹಿಸಿದವರನ್ನು, ಒಂದೆಡೆ ಸೇರಿಸಿ ಅವರ ಸತ್ಯವನ್ನು ಅವರ ಪರವಾಗಿ ನುಡಿಯುವ ಕೆಲಸ ಬಹಳ ತಡವಾಗಿ ಆರಂಭವಾಯಿತು.

ನಮ್ಮ ಪಾಲಿನ ಕೆಲಸ

ಒಪ್ಪಂದಗಳಿಗೆ ಸಹಿ ಹಾಕುವುದು ನಾಯಕರ ಕೆಲಸ, ಮನುಷ್ಯನನ್ನು ಮರಳಿ ಮನುಷ್ಯರ ನಡುವೆ ಕೂರಿಸಿಕೊಳ್ಳುವುದು ಊರಿನ ಕೆಲಸ. ಸಂಘರ್ಷದಿಂದ ಮರಳಿದವನಿಗೆ ಕೂಲಿ ಕೊಡುವವನು, ಅವನ ಮಗಳನ್ನು ಶಾಲೆಯಲ್ಲಿ ತನ್ನ ಮಗಳ ಪಕ್ಕದಲ್ಲಿ ಕೂರಿಸುವವನು, ಅವನ ತಂದೆಯ ಹೆಸರೆತ್ತಿ ಹಂಗಿಸದವನು, ಸೆರೆಯಿಂದ ಬಿಡುಗಡೆಯಾದ ಹೆಣ್ಣಿಗೆ ಆಯ್ಕೆಯನ್ನು ಅವಳಿಗೇ ಬಿಡುವವನು ಜಿಅರಾನಾದ ಸುನ್ನತ್ತನ್ನು ಜೀವಂತವಾಗಿಡುತ್ತಾನೆ. ಮಗನನ್ನು ಕಳೆದುಕೊಂಡ ಮನೆಗೆ ಹೋಗಿ, ಎಲ್ಲವನ್ನೂ ಮರೆತುಬಿಡಿ ಎಂದು ಉಪದೇಶಿಸದೆ, ಅವರ ಮಾತು ಮುಗಿಯುವವರೆಗೆ ಕೇಳುವವನೂ ಅದೇ ಸುನ್ನತ್ತನ್ನು ಪಾಲಿಸುತ್ತಾನೆ. ಇವರಿಬ್ಬರಲ್ಲಿ ಒಬ್ಬನು ಮಾತ್ರ ಇದ್ದರೆ ಸಾಲದು. ಹಿಂತಿರುಗುವವನಿಗೆ ಬಾಗಿಲು ತೆರೆದು, ಒಳಗಿರುವವನ ಕಣ್ಣೀರನ್ನು ಕಾಣದೆ ಹೋದರೆ ಆ ಮನೆಯಲ್ಲಿ ಶಾಂತಿ ನೆಲೆಸದು.

6,000 ಸೆರೆಯಾಳುಗಳ ಬಿಡುಗಡೆಗೆ ಮುನ್ನ ಒಬ್ಬೊಬ್ಬ ಸೈನಿಕನ ಒಪ್ಪಿಗೆಯನ್ನು ಕೇಳಿ ತಿಳಿದ, ಅನ್ಸಾರ್‌ಗಳ ಅಸಮಾಧಾನವನ್ನು ಅಪರಾಧವೆಂದು ಎಣಿಸದ ಆ ಮಹಾನ್ ಮಾದರಿಯನ್ನು ಅರಿತು ನಡೆಯುವ ಸೌಭಾಗ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ. ಯುದ್ಧಗಳಿಂದ ಚದುರಿದ ಕುಟುಂಬಗಳನ್ನು ಅವನು ಮತ್ತೆ ಒಂದುಗೂಡಿಸಲಿ. ಆಮೀನ್.